ಕೈಗೆ ಹಿಟ್ಟಂಟಿದಾಗ ಮುಚ್ಚಿಕೊಳ್ಳುವ ಪುಸ್ತಕ

ಅಡುಗೆ ಪುಸ್ತಕವನ್ನು ಕುರ್ಚಿಯಲ್ಲಿ ಕೂತು ಓದಿದರೆ ಅರ್ಧ ಗೊತ್ತಾಗುತ್ತದೆ. ಮಿಕ್ಕರ್ಧ ಒಲೆ ಪಕ್ಕ ಇಟ್ಟಾಗಲೇ ತಿಳಿಯುವುದು. ನೈರುತ್ಯ ಫ್ರಾನ್ಸಿನ ದೋರ್ದೋನ್ ಸೀಮೆಯ ಹಳ್ಳಿಯಲ್ಲಿ ನೆಲೆಸಿರುವ ಬೆಂಗಳೂರಿನ ಲೇಖಕಿಯೊಬ್ಬರು ಅಲ್ಲಿನ ಅಡುಗೆ ಮತ್ತು ಬದುಕಿನ ಈ ಪುಸ್ತಕವನ್ನು ಬರೆದು, ಸ್ವಂತ ಖರ್ಚಿನಲ್ಲಿ ಬೆಂಗಳೂರಿನಲ್ಲೇ ಅಚ್ಚು ಹಾಕಿಸಿ, ಚಳಿಗಾಲಕ್ಕೆ ಊರಿಗೆ ಬಂದಾಗ ತಾವೇ ಮಾರುತ್ತಾರೆ. ಇದರ ಪಾಕಗಳಲ್ಲಿ ಹತ್ತನ್ನು ಬಸವನಗುಡಿಯ ಅಡುಗೆಮನೆಯೊಂದರಲ್ಲಿ, ಮನೆಬಳಕೆಯ ಓಟಿಜಿ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್) ಮತ್ತು ಎರಡು ಬರ್ನರ್ ಒಲೆಯ ಮೇಲೆ ಮಾಡಿ ನೋಡಿದ್ದಾಯಿತು. ಆರು ಚೆನ್ನಾಗಿ ಬಂದವು, ಒಂದು ಪರವಾಗಿಲ್ಲ, ಮೂರು ಕೆಟ್ಟವು. ಕೆಟ್ಟ ಮೂರೂ ‘ಬೆಂಗಳೂರಿನಲ್ಲಾದರೆ ಹೀಗೆ ಮಾಡಿ’ ಎಂಬ ಚೌಕಟ್ಟಿನೊಳಗಿನ ಸಲಹೆ ನಂಬಿ ಮಾಡಿದವು.

ಹಳ್ಳಿಯ ಬದುಕಿನ ಭಾಗ ಪುಸ್ತಕದ ಜೀವಾಳ. ದೋರ್ದೋನ್ ಅಂದರೆ ಹಳೆಯ ಪೆರಿಗೋರ್ ಪ್ರಾಂತ್ಯ, ಅಕ್ರೋಟಿನ ನಾಡು. ಅಲ್ಲಿನ ಅಕ್ರೋಟಿಗೆ 2002ರಿಂದ ಮೂಲಸ್ಥಾನದ ಮಾನ್ಯತೆಯಿದೆ, ಅಂದರೆ ಆ ಸೀಮೆಯದಕ್ಕೆ ಮಾತ್ರ ಆ ಹೆಸರು. ಫ್ರಾಂಕೆತ್, ಕೋರ್ನ್, ಮಾರ್ಬೋ, ಗ್ರಾಂಜಾನ್ ಎಂಬ ನಾಲ್ಕು ತಳಿಗಳನ್ನು ಲೇಖಕಿ ರುಚಿಯಿಂದಲೇ ಬೇರ್ಪಡಿಸಿ ಹೇಳುತ್ತಾರೆ. ಅಕ್ಟೋಬರಿನಲ್ಲಿ ಉದುರಿದ ಕಾಯಿ ಆಯುವುದು, ಹಸಿರು ಸಿಪ್ಪೆಯ ಕಪ್ಪು ಕರೆ ಬೆರಳಿನಿಂದ ವಾರಗಟ್ಟಲೆ ಹೋಗದಿರುವುದು, ತೊಳೆದ ಕಾಯನ್ನು ಸಂದುಬಿಟ್ಟ ಹಲಗೆಯ ತಟ್ಟೆಗಳಲ್ಲಿ ಹರಡಿ ಆರಿಸುವುದು, ಬುಧವಾರ ಮತ್ತು ಶನಿವಾರ ಸಾರ್ಲಾ ಪೇಟೆಯ ಸಂತೆ, ಎಲ್ಲವೂ ಕೆಲಸ ಮಾಡಿದ ಕೈಯಿಂದ ಬಂದ ಬರಹ. ಪ್ರವಾಸಕಥನದ ಬೆರಗು ಇಲ್ಲದಿರುವುದೇ ದೊಡ್ಡ ಸಮಾಧಾನ.

ಅಕ್ರೋಟ್ ಕೇಕ್ ಮಾಡಿಯೇ ತೀರಬೇಕಾದದ್ದು. 200 ಗ್ರಾಂ ಅಕ್ರೋಟನ್ನು ಬರಿದೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅಳತೆಯ ಸಕ್ಕರೆಯಲ್ಲೇ ಎರಡು ಚಮಚ ಸೇರಿಸಿ, ತಡೆತಡೆದು ತಿರುಗಿಸಿ ಎಂದು ಪುಸ್ತಕ ಸರಿಯಾಗಿಯೇ ಹೇಳುತ್ತದೆ. ಹೇಳದೆ ಬಿಟ್ಟದ್ದು ಮೊಟ್ಟೆಯ ವಿಷಯ. ಅಲ್ಲಿನ ಮಧ್ಯಮ ಗಾತ್ರದ ಮೊಟ್ಟೆ 53ರಿಂದ 63 ಗ್ರಾಂ, ನಮ್ಮ ಅಂಗಡಿಯದು ಸುಮಾರು 50. ನಾಲ್ಕು ಮೊಟ್ಟೆಗೆ 30 ಗ್ರಾಂ ಖೋತಾ ಬಿದ್ದು ಕೇಕ್ ಒಣಗಿ ಬಿರಿಯುತ್ತದೆ. ಎರಡು ದೊಡ್ಡ ಚಮಚ ಹಾಲು ಹಾಕಿದರೆ ಸರಿಹೋಗುತ್ತದೆ. ಓಟಿಜಿಯಲ್ಲಿ ಮೇಲಿನ ಕಂಬಿ ಹತ್ತಿರವಿರುವುದರಿಂದ ಕೆಳಗಿನ ಹಂತದಲ್ಲಿಟ್ಟು, 180ರ ಬದಲು 170 ಡಿಗ್ರಿ ಮಾಡಿ, 25 ನಿಮಿಷದ ಮೇಲೆ ಫಾಯಿಲ್ ಹೊದಿಸಿ. ಅಕ್ರೋಟ್ ಕೊಳ್ಳುವಾಗ ಒಂದು ಹೋಳು ಬಾಯಿಗೆ ಹಾಕಿ ನೋಡಿ. ಗಂಟಲಲ್ಲಿ ಹಳೆ ಎಣ್ಣೆಯ ಕಟು ಬಂದರೆ ಬೇಡ, ಎಷ್ಟು ಸಕ್ಕರೆ ಹಾಕಿದರೂ ಅದು ಮುಚ್ಚುವುದಿಲ್ಲ.

ತೂರಾಂ ಎಂಬ ಬೆಳ್ಳುಳ್ಳಿ ಸೂಪು ಇನ್ನೊಂದು ಗೆಲುವು. ಬಾತುಕೋಳಿ ಕೊಬ್ಬಿನ ಜಾಗಕ್ಕೆ ಲೇಖಕಿ ತುಪ್ಪ ತಂದಿದ್ದಾರೆ, ಒಪ್ಪುತ್ತದೆ. ‘12 ಎಸಳು’ ಎಂದರೆ ಅಲ್ಲಿನ ದಪ್ಪ ಎಸಳು. ನಮ್ಮ ನಾಟಿ ಬೆಳ್ಳುಳ್ಳಿಯಾದರೆ ಎಣಿಸಬೇಡಿ, 50 ಗ್ರಾಂ ತೂಗಿ. ಬೆಳ್ಳುಳ್ಳಿ ಕೆಂಪಾದರೆ ಇಡೀ ಪಾತ್ರೆ ಕಹಿ. ಲೀಟರ್ ನೀರು ಕುದಿಯುವಾಗ ಎರಡು ಮೊಟ್ಟೆಯ ಬಿಳಿಯನ್ನು ಎಳೆಯಾಗಿ ಬಿಟ್ಟು, ಒಲೆ ಆರಿಸಿ, ಹಳದಿಯನ್ನು ಒಂದು ದೊಡ್ಡ ಚಮಚ ವಿನೆಗರ್ ಜೊತೆ ಕಲಸಿ, ಅದಕ್ಕೆ ಮೊದಲು ಒಂದು ಸೌಟು ಬಿಸಿ ಸೂಪು ಬೆರೆಸಿಯೇ ಪಾತ್ರೆಗೆ ಸುರಿಯಬೇಕು. ನೇರ ಸುರಿದರೆ ಮೊಟ್ಟೆ ಗಂಟಾಗುತ್ತದೆ. ಕೊನೆಯ ನಾಲ್ಕು ಗುಟುಕಿಗೆ ಕೆಂಪು ವೈನ್ ಸುರಿದು ತಟ್ಟೆ ಎತ್ತಿ ಕುಡಿಯುವ ಅಲ್ಲಿನ ಹಿರಿಯರ ರೂಢಿಗೆ ಶಾಬ್ರೋ ಎಂದು ಹೆಸರು. ಸಾರಿನ ತಟ್ಟೆ ಎತ್ತಿ ಸೊರ್ ಎನ್ನಿಸುವವರಿಗೆ ಇದೇನೂ ದೂರದ ಆಚಾರವಲ್ಲ.

ಇನ್ನು ಕೆಟ್ಟವು. ಪ್ಯಾನ್‌ಕೇಕಿಗೆ ಚೆಸ್ಟ್‌ನಟ್ ಹಿಟ್ಟು ಸಿಗದಿದ್ದರೆ ಶಿಂಗಾಡ ಹಿಟ್ಟು ಬಳಸಿ ಎಂದಿದೆ. ಶಿಂಗಾಡಕ್ಕೆ ಇಂಗ್ಲಿಷಿನಲ್ಲಿ ವಾಟರ್ ಚೆಸ್ಟ್‌ನಟ್ ಅನ್ನುತ್ತಾರೆ, ನಂಟು ಅಲ್ಲಿಗೆ ಮುಗಿಯಿತು. ಒಂದು ಮರದ ಬೀಜ, ಇನ್ನೊಂದು ಕೆರೆಯ ಕಾಯಿ. ಚೆಸ್ಟ್‌ನಟ್ ಹಿಟ್ಟಿಗೆ ತನ್ನದೇ ಸಿಹಿಯಿದೆ; ಶಿಂಗಾಡ ಹಿಟ್ಟು ನೀರು ಬಿಸಿಯಾದೊಡನೆ ಅಂಟಾಗುತ್ತದೆ. ಪ್ಯಾನ್‌ಕೇಕ್ ತವಾ ಬಿಟ್ಟು ಏಳಲೇ ಇಲ್ಲ.

ಅಂಜೂರದ ಜಾಮ್‌ನದು ಬೇರೆ ಕಥೆ. ಕಿಲೋ ಹಣ್ಣಿಗೆ 600 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣು. ಅಳತೆ ಚೆನ್ನಾಗಿಯೇ ಇದೆ. ಥರ್ಮಾಮೀಟರ್ 105 ಡಿಗ್ರಿ ತೋರುವವರೆಗೆ ಕುದಿಸಿ ಎಂದದ್ದೇ ಮುಳುವಾಯಿತು. ಜಾಮ್ ಹದಕ್ಕೆ ಬರುವುದು ನೀರಿನ ಕುದಿಬಿಂದುವಿಗಿಂತ ನಾಲ್ಕೂವರೆ ಡಿಗ್ರಿ ಮೇಲೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಇಲ್ಲಿ ನೀರು 97ಕ್ಕೇ ಕುದಿಯುತ್ತದೆ. ಅಂದರೆ ಇಲ್ಲಿನ ಹದ 101.5. ಇಲ್ಲಿ 105 ಮುಟ್ಟಿಸಿದರೆ ಅದು ಗಟ್ಟಿ ಸಕ್ಕರೆ ಪಾಕಕ್ಕೆ ತಿರುಗಿ, ಬಾಟಲಿಯಲ್ಲಿ ಆರಿದ ಮೇಲೆ ಚಮಚವೇ ಇಳಿಯುವುದಿಲ್ಲ. ಥರ್ಮಾಮೀಟರ್ ಬೇಡವೆಂದರೆ ಸ್ಟೀಲ್ ತಟ್ಟೆಯನ್ನು ಫ್ರೀಜರ್‌ನಲ್ಲಿಟ್ಟು, ಅದರ ಮೇಲೆ ಒಂದು ಹನಿ ಬಿಟ್ಟು, ನಿಮಿಷ ಬಿಟ್ಟು ಬೆರಳಿಂದ ದೂಡಿ. ಸುಕ್ಕು ಮೂಡಿದರೆ ಇಳಿಸಿ.

ಮೂರನೆಯದು ಕ್ರೀಮ್ ಬದಲು ಮೊಸರು ಹಾಕಿದ ಸೊಪ್ಪಿನ ಸೂಪು. ಅಲ್ಲಿನ ಹುಳಿ ಕ್ರೀಮಿನಲ್ಲಿ ಶೇ. 30ರಷ್ಟು ಜಿಡ್ಡು ಇರುವುದರಿಂದ ಕುದಿ ತಡೆಯುತ್ತದೆ, ಮೊಸರು ಒಡೆಯುತ್ತದೆ. ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಲೇಖಕಿಗೂ ನೆನಪಾಗಬೇಕಿತ್ತು. ಕಪ್ ಮೊಸರಿಗೆ ಒಂದು ಚಮಚ ಕಡಲೆಹಿಟ್ಟು ಕದಡಿ, ಸಣ್ಣ ಉರಿಯಲ್ಲಿ ಒಂದೇ ದಿಕ್ಕಿಗೆ ತಿರುಗಿಸುತ್ತ ಬಿಸಿ ಮಾಡಿದರೆ ಸಾಕು.

ಬ್ರೆಡ್ಡಿನ ಪಾಕ ಪರವಾಗಿಲ್ಲ. 42 ಗ್ರಾಂ ಹಸಿ ಯೀಸ್ಟ್ ಬದಲಿಗೆ 14 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಹಾಕಿ, ಏಪ್ರಿಲ್ ಸೆಕೆಯಲ್ಲಾದರೆ ಅದರಲ್ಲೂ ಅರ್ಧ. ಪುಸ್ತಕ ಹೇಳುವ ಮೂರು ಗಂಟೆ ಕಾದರೆ ಹಿಟ್ಟು ಉಬ್ಬಿ ಕುಸಿದು ಹುಳಿ ನಾತ ಬರುತ್ತದೆ.

ಈಗ ಪುಸ್ತಕದ ಮೈಕಟ್ಟು. 19×25 ಸೆಂ.ಮೀ., 168 ಪುಟ, 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ) ಮ್ಯಾಟ್ ಆರ್ಟ್ ಕಾಗದ, ಅರ್ಧ ಕಿಲೋ ದಾಟುವ ತೂಕ. ಕಾಗದ ಒಳ್ಳೆಯದು, ಎಣ್ಣೆ ಹನಿ ಒರೆಸಿದರೆ ಹೋಗುತ್ತದೆ. ಬೈಂಡಿಂಗ್ ಮಾತ್ರ ಪರ್ಫೆಕ್ಟ್ ಬೈಂಡಿಂಗ್, ಅಂದರೆ ಬಿಡಿ ಹಾಳೆಗಳ ಬೆನ್ನಿಗೆ ಬಿಸಿ ಗೋಂದು. ಕೈ ಬಿಟ್ಟ ಕೂಡಲೇ ಹಾಳೆಗಳು ಎದ್ದು ಮುಚ್ಚಿಕೊಳ್ಳುತ್ತವೆ, ಒತ್ತಿ ತೆರೆದರೆ ಬೆನ್ನು ಚಟ್ ಎನ್ನುತ್ತದೆ. ಮೇಲ್ಲೇಪದ ದಪ್ಪ ಕಾಗದವನ್ನು ಸಾಮಾನ್ಯ ಗೋಂದು ಗಟ್ಟಿಯಾಗಿ ಹಿಡಿಯುವುದಿಲ್ಲ. ಪಿಯುಆರ್ (ಪಾಲಿಯುರಿಥೇನ್) ಗೋಂದಾದರೆ ತಾಳುತ್ತದೆ. ಅಡುಗೆ ಪುಸ್ತಕಕ್ಕೆ ಹೊಲಿಗೆ ಬೈಂಡಿಂಗೇ ಸರಿ. 16 ಪುಟದ ಹತ್ತು ಫಾರಂ (ಮಡಚಿ ಹೊಲಿಯುವ ಹಾಳೆಕಟ್ಟು), 8ರದೊಂದು, ಲೆಕ್ಕ ಸರಿಯಾಗಿಯೇ ಕೂರುತ್ತಿತ್ತು. ಕಂಪ್ಯೂಟರಿನ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಿಂದ ಯೂನಿಕೋಡ್‌ಗೆ ಬದಲಿಸುವಾಗ ಕೆಲವೆಡೆ ಭಿನ್ನರಾಶಿ ಹಾರಿಹೋಗಿದೆ. 61ನೇ ಪುಟದಲ್ಲಿ ‘1 ಚಮಚ ಉಪ್ಪು’ ಎಂದಿರುವುದನ್ನು ಅರ್ಧ ಚಮಚ ಎಂದು ತಿದ್ದಿಕೊಳ್ಳಿ.

ಮಾರಾಟದ ಏರ್ಪಾಡು ಸರಳ: ವಾಟ್ಸಾಪ್‌ನಲ್ಲಿ ಹೆಸರು, ಯುಪಿಐಯಲ್ಲಿ ಹಣ, ಪುಸ್ತಕದಂಗಡಿಯ ಮೂಲೆಯ ಮೇಜಿನ ಮೇಲೆ ಕೇಕಿನ ತುಂಡು. ತಿಂದು ಕೊಳ್ಳುವ ಈ ಕ್ರಮ ಮೆಚ್ಚುವಂಥದ್ದು. ಆದರೆ ಜೊತೆಗೆ ಹಂಚುವ ಕಾರ್ಡಿನಲ್ಲಿ ‘20 ನಿಮಿಷದ ಪಾಕಗಳು’ ಅಂತಿದೆ. ಮಾಡಿ ನೋಡಿದ ಹತ್ತರಲ್ಲಿ ಅಷ್ಟರೊಳಗೆ ಮುಗಿದದ್ದು ಒಂದೇ ಒಂದು, ಅಕ್ರೋಟ್ ಚಟ್ನಿ. ಪುಸ್ತಕಕ್ಕೆ ಐಎಸ್‌ಬಿಎನ್, ಅಂದರೆ ಪುಸ್ತಕ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಇಲ್ಲ. ನಮ್ಮಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದಿಲ್ಲದೆ ದೊಡ್ಡ ಅಂಗಡಿಗಳ ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವುದು ಕಷ್ಟ.

ಕೊಂಡವರು ಜೆರಾಕ್ಸ್ ಅಂಗಡಿಯಲ್ಲಿ ಬೆನ್ನು ಕತ್ತರಿಸಿ ಸ್ಪೈರಲ್ ಹಾಕಿಸಿಕೊಳ್ಳಬಹುದು, ಆಮೇಲೆ ಪುಟ ಅಂಗಾತ ಮಲಗುತ್ತದೆ. 4 ಮಿ.ಮೀ.ಗಿಂತ ಹೆಚ್ಚು ಕತ್ತರಿಸಲು ಬಿಡಬೇಡಿ. ತೂರಾಂ ಪುಟದಲ್ಲಿ ಅಳತೆಗಳು ಒಳಅಂಚಿಗೇ ಒತ್ತಿಕೊಂಡಿವೆ.