ಮನೆಯ ಹಳೆಯ ವಿಡಿಯೊಗಳಿಗೆ ಎಫ್‌ಎಫ್‌ಎಂಪೆಗ್: ಒಂದು ವಿಮರ್ಶೆ

ಉಡುಪಿಯ ನಮ್ಮ ಮನೆಯ ವಿಡಿಯೊಗಳು ಒಂದೊಂದೂ ಒಂದೊಂದು ರೂಪದಲ್ಲಿ ಉಳಿದಿದ್ದವು. ತಂಗಿಯ ಮದುವೆ ಡಿವಿಡಿಯ ವಿಒಬಿ ತುಂಡುಗಳಾಗಿತ್ತು; ಅಜ್ಜಿಮನೆಯ ಅಂಗಳದಲ್ಲಿ ನಡೆದ ಹರಕೆಯಾಟ (ಹರಕೆಗಾಗಿ ಆಡಿಸುವ ಯಕ್ಷಗಾನ) ಮಿನಿ ಡಿವಿ ಟೇಪಿನಿಂದ ಇಳಿಸಿಕೊಂಡ ಎವಿಐ ಆಗಿತ್ತು; 2008ರ ಪರ್ಯಾಯ (ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಕೈಬದಲಾಗುವ ಉತ್ಸವ) ಹಳೆಯ ಮೊಬೈಲಿನ 3ಜಿಪಿಯಲ್ಲಿತ್ತು. ಪೆನ್‌ಡ್ರೈವಿಗೆ ತುಂಬಿ ಟಿವಿಗೆ ಹಾಕಿದರೆ ಒಂದು ಓಡುತ್ತಿರಲಿಲ್ಲ, ಇನ್ನೊಂದಕ್ಕೆ ಧ್ವನಿ ಇರುತ್ತಿರಲಿಲ್ಲ. ಇವೆಲ್ಲವನ್ನೂ ಎಚ್.264 ಎಂಬ ವಿಧಾನದಲ್ಲಿ ಕುಗ್ಗಿಸಿದ ಚಿತ್ರ ಮತ್ತು ಎಎಸಿ ಎಂಬ ವಿಧಾನದಲ್ಲಿ ಕುಗ್ಗಿಸಿದ ಧ್ವನಿಯ ಎಂಪಿ4 ಆಗಿ ಪರಿವರ್ತಿಸಲು ನಾನು ಬಳಸಿದ್ದು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಮುಕ್ತ ತಂತ್ರಾಂಶ ಮತ್ತು ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್ (ಕಂಪ್ಯೂಟರ್ ಸಾಲಾಗಿ ನಡೆಸುವ ಆದೇಶಗಳ ಪಟ್ಟಿ).

ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೆ ಗುಂಡಿಗಳಾಗಲಿ ಮೆನುಗಳಾಗಲಿ ಇಲ್ಲ, ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು. ಆದರೆ ಸ್ಕ್ರಿಪ್ಟ್‌ಗೆ ಅದು ಇಷ್ಟು ಸುಲಭವಾಗಿ ಒಗ್ಗುವುದು ಅದೇ ಕಾರಣಕ್ಕೆ. ನನ್ನ ಸ್ಕ್ರಿಪ್ಟ್ ಪ್ರತಿ ಕಡತದ ಒಳಗೇನಿದೆ ಎಂದು ಅದರ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ಎಂಬ ಉಪಕರಣದಿಂದ ತಿಳಿದುಕೊಳ್ಳುತ್ತದೆ, ಈಗಾಗಲೇ ಎಚ್.264 ಇದ್ದರೆ ಚಿತ್ರವನ್ನು ಮುಟ್ಟದೆ ಹೊರಗಿನ ಹೊದಿಕೆಯನ್ನಷ್ಟೇ (ಕಡತದ ರೂಪವನ್ನು) ಬದಲಿಸುತ್ತದೆ ಮತ್ತು ಫಲಿತಾಂಶವನ್ನು ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ಮೂಲ ಕಡತ ಇದ್ದಲ್ಲೇ ಇರುತ್ತದೆ. ಗುಣಮಟ್ಟದ ಸಿಆರ್‌ಎಫ್ ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ. ತಾನಾಗಿ ಬರುವ 23ರ ಬದಲು ಹಳೆಯ ಟೇಪುಗಳಿಗೆ ನಾನು 18 ಇಟ್ಟೆ. ಹಾಗಿದ್ದೂ ಸುಮಾರು 13 ಜಿಬಿ ಇದ್ದ ಒಂದು ಗಂಟೆಯ ಆಟ 3 ಜಿಬಿಯ ಆಸುಪಾಸಿಗೆ ಇಳಿಯಿತು.

ಮೊದಲ ಸಲ ಓಡಿಸಿದಾಗ ಮಾತ್ರ ನನಗೆ ತೀರಾ ಬೇಸರವಾಯಿತು. ಯಕ್ಷಗಾನದ ಪುಂಡುವೇಷ (ಚುರುಕಿನ ಯುವಕನ ಪಾತ್ರ) ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹಾಕುವಾಗಲೆಲ್ಲ ಕೈಗಳ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿಹೋಗಿತ್ತು. ಆ ಕಾಲದ ಪಾಲ್ (ಭಾರತದಲ್ಲಿ ಬಳಕೆಯಲ್ಲಿದ್ದ ಟಿವಿ ಪದ್ಧತಿ) ಕ್ಯಾಮೆರಾ ಸೆಕೆಂಡಿಗೆ 50 ಬಾರಿ, ಒಮ್ಮೆ ಸಮ ಗೆರೆಗಳನ್ನೂ ಒಮ್ಮೆ ಬೆಸ ಗೆರೆಗಳನ್ನೂ ಬರೆಯುತ್ತಿತ್ತು. ನಾನು ಎರಡು ಬೇರೆ ಕ್ಷಣಗಳನ್ನು ಒಂದೇ ಚಿತ್ರವಾಗಿ ಹೊಲಿದುಬಿಟ್ಟಿದ್ದೆ. ಬಿಡಬ್ಲ್ಯೂಡಿಐಎಫ್ ಎಂಬ ಫಿಲ್ಟರ್ ಸೇರಿಸಿದ ಮೇಲೆ ಪ್ರತಿ ಅರ್ಧಚಿತ್ರವೂ ಪೂರ್ಣಚಿತ್ರವಾಗಿ, ಸೆಕೆಂಡಿಗೆ 50ರಂತೆ ದಿಗಿಣ ಕಣ್ಣೆದುರೇ ಸುತ್ತಿದಷ್ಟು ಸರಾಗವಾಗಿ ಬಂತು. ಮೂಲವನ್ನು ಅಳಿಸಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಕಡತದ ಹೆಸರನ್ನು ದಿನಾಂಕದಿಂದ ಆರಂಭಿಸುವಾಗಲೂ ಎಚ್ಚರ ಬೇಕು. 2024ರ ಪರ್ಯಾಯ ಮೆರವಣಿಗೆಯನ್ನು ನಾನು ಫೋನಿನಲ್ಲಿ ಚಿತ್ರಿಸಿದ್ದು ಜನವರಿ 18ರ ನಸುಕಿನಲ್ಲಿ; ಸ್ಕ್ರಿಪ್ಟ್ ಅದಕ್ಕೆ 17 ಎಂದು ಹೆಸರಿಟ್ಟಿತು. ಫೋನ್ ಸಮಯವನ್ನು ಯುಟಿಸಿ ಎಂಬ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆದಿರುತ್ತದೆ, ಐದೂವರೆ ಗಂಟೆ ಕೂಡಿಸಿದರೆ ಸರಿಹೋಗುತ್ತದೆ. ಟೇಪಿನಿಂದ ಇಳಿಸಿದ ಕಡತಗಳಿಗೆ ಅಮ್ಮನನ್ನು ಕೇಳಿ ಕೈಯಾರೆ ದಿನಾಂಕ ಬರೆದೆ.

3ಜಿಪಿಯ ಧ್ವನಿ ಈಗ ಟಿವಿಯಲ್ಲಿ ಕೇಳಿಸುತ್ತದೆ, ಆದರೆ ಮೂಲದಲ್ಲೇ ಇಲ್ಲದ ಸ್ಪಷ್ಟತೆಯನ್ನು ಯಾವ ತಂತ್ರಾಂಶವೂ ತರಲಾರದು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಎರಡು ಟೇಪುಗಳನ್ನು ನಾನಿನ್ನೂ ಕ್ಯಾಮೆರಾಕ್ಕೆ ಹಾಕಿಲ್ಲ. ಬೂಷ್ಟು ಟೇಪನ್ನು ಓದುವ ಕ್ಯಾಮೆರಾದ ಹೆಡ್‌ಗೂ ಅಂಟಿಕೊಳ್ಳುವುದರಿಂದ ಮೊದಲು ಅವುಗಳನ್ನು ಬಲ್ಲವರಿಂದ ಸ್ವಚ್ಛಗೊಳಿಸಬೇಕಾಗಿದೆ.