ರಿಮೋಟ್ ಡಿಬಗ್ಗರ್‌ಗೆ ಪಾಸ್‌ವರ್ಡ್ ಮುಟ್ಟಿಸುವ ನಾಲ್ಕು ದಾರಿ

ಗಂಗಾವತಿಯ ರೈಸ್ ಮಿಲ್ಲುಗಳಿಗೆ ತಂತ್ರಾಂಶ ಬರೆದುಕೊಡುವುದು ನಮ್ಮ ಕಸುಬು. ಭತ್ತದ ಲಾರಿಯ ತೂಕ, ಚೀಲದ ಲೆಕ್ಕ, ದಲ್ಲಾಳಿಯ ಬಾಕಿ ಎಲ್ಲವೂ ಪೈಥಾನ್‌ನಲ್ಲಿದೆ. ಕೋಡ್ ಇರುವುದು ಕೊಪ್ಪಳದ ಕಚೇರಿಯ ಉಬುಂಟು ಸರ್ವರ್‌ನಲ್ಲಿ. ನಾನು ಮನೆಯ ಲ್ಯಾಪ್‌ಟಾಪಿನಿಂದ ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನ ರಿಮೋಟ್ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರಿಕೊಳ್ಳುವ ದಾರಿ) ಮೂಲಕ ಅದನ್ನು ತಿದ್ದುತ್ತೇನೆ. ಡೇಟಾಬೇಸ್ ಪಾಸ್‌ವರ್ಡನ್ನು ಕೋಡಿನೊಳಗೆ ಬರೆಯುವಂತಿಲ್ಲ, ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಂ ಓಡುವಾಗ ಹೊರಗಿನಿಂದ ಸಿಗುವ ಹೆಸರು-ಮೌಲ್ಯದ ಜೋಡಿ) ಆಗಿಯೇ ಕೊಡಬೇಕು. ಅದನ್ನು ಡಿಬಗ್ಗರ್‌ಗೆ, ಅಂದರೆ ತಪ್ಪು ಹುಡುಕಲು ಪ್ರೋಗ್ರಾಂ ಓಡಿಸಿ ನೋಡುವ ಸಾಧನಕ್ಕೆ, ತಲುಪಿಸಲು ಇರುವ ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ.

ಎಲ್ಲರ ಕೈ ಮೊದಲು ಹೋಗುವುದು ಶೆಲ್ (ಆದೇಶಗಳನ್ನು ಓಡಿಸುವ ಪ್ರೋಗ್ರಾಂ) ಶುರುವಾದಾಗ ಓದುವ ಬ್ಯಾಶ್‌ಆರ್‌ಸಿ ಕಡತಕ್ಕೆ. ಕೊನೆಯಲ್ಲಿ ಒಂದು ಎಕ್ಸ್‌ಪೋರ್ಟ್ ಸಾಲು ಸೇರಿಸಿ, ಹೊಸ ಟರ್ಮಿನಲ್ ತೆರೆದು ಎಕೋ ಮಾಡಿದರೆ ಪಾಸ್‌ವರ್ಡ್ ಕಣ್ಣೆದುರಿಗೇ ಕಾಣುತ್ತದೆ. ಆದರೆ ಡಿಬಗ್ ಶುರು ಮಾಡಲು ಎಫ್5 ಒತ್ತಿದರೆ ಅದೇ ಹೆಸರಿಗೆ ‘ಕೀಎರರ್’, ಅಂದರೆ ಆ ಹೆಸರು ಸಿಗಲಿಲ್ಲವೆಂಬ ದೋಷ, ಬರುತ್ತದೆ. ಟರ್ಮಿನಲ್ ತೆರೆದಾಗಲೆಲ್ಲ ಹೊಸ ಶೆಲ್ ಹುಟ್ಟಿ ಆ ಕಡತವನ್ನು ಓದುತ್ತದೆ. ಡಿಬಗ್ಗರ್ ಹಾಗಲ್ಲ. ಟರ್ಮಿನಲ್ ಬಿಟ್ಟು ವಿಎಸ್ ಕೋಡ್‌ನದೇ ಇಂಟರ್ನಲ್ ಕನ್ಸೋಲ್‌ನಲ್ಲಿ ಓಡಿಸಿದರೆ, ಆಚೆ ಬದಿಯಲ್ಲಿ ಮೊದಲಿನಿಂದಲೇ ಓಡುತ್ತಿರುವ ವಿಎಸ್ ಕೋಡ್ ಸರ್ವರ್‌ನಿಂದ ಅದಕ್ಕೆ ವೇರಿಯಬಲ್‌ಗಳು ಬಳುವಳಿಯಾಗಿ ಬರುತ್ತವೆ. ಆ ಸರ್ವರ್‌ಗೆ ತಾನು ಶುರುವಾದ ಹೊತ್ತಿನ ಮೌಲ್ಯಗಳಷ್ಟೇ ಗೊತ್ತು. ಕಿಟಕಿ ಮುಚ್ಚಿ ತೆರೆದರೂ ಅದು ಜಗ್ಗದಿರಬಹುದು. ‘ಕಿಲ್ ವಿಎಸ್ ಕೋಡ್ ಸರ್ವರ್ ಆನ್ ಹೋಸ್ಟ್’ ಆದೇಶ ಕೊಟ್ಟು ಮತ್ತೆ ಸೇರಿಕೊಂಡರೆ ಸರಿಹೋಗುತ್ತದೆ. ಆದರೆ ಇಬ್ಬರು ಒಂದೇ ಲಾಗಿನ್ ಬಳಸುತ್ತಿದ್ದರೆ ಪಕ್ಕದವರ ಸಂಪರ್ಕವೂ ಕಡಿದುಹೋಗುತ್ತದೆ, ಆಮೇಲೆ ಫೋನ್ ಬರುತ್ತದೆ. ಡಿಬಗ್ ಹೇಗೆ ಓಡಬೇಕೆಂದು ತಿಳಿಸುವ ಲಾಂಚ್ ಡಾಟ್ ಜೇಸನ್ ಕಡತದಲ್ಲಿ ಕನ್ಸೋಲ್ ಅನ್ನು ಇಂಟಿಗ್ರೇಟೆಡ್ ಟರ್ಮಿನಲ್‌ಗೆ ಬದಲಿಸಿಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಆದರೂ ಒಂದು ಪ್ರಾಜೆಕ್ಟಿನ ಗುಟ್ಟನ್ನು ಇಡೀ ಲಾಗಿನ್‌ಗೆ ಹಂಚುವುದು ನನಗೆ ಒಗ್ಗದ ಮಾತು.

ಎಸ್‌ಎಸ್‌ಎಚ್ ಮೂಲಕವೇ ವೇರಿಯಬಲ್ ಕಳಿಸುವ ಸೆಂಡ್‌ಎನ್ವ್ ದಾರಿಯೂ ಇದೆ. ಇದನ್ನು ನಾನು ಬೇಗ ಕೈಬಿಟ್ಟೆ. ಇತ್ತಲಿಂದ ಕಳಿಸಿದರೆ ಸಾಲದು, ಅತ್ತಲಿನ ಎಸ್‌ಎಸ್‌ಎಚ್ ಸೇವೆಯ ಸಿದ್ಧತೆಯ ಕಡತವಾದ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಅಕ್ಸೆಪ್ಟ್‌ಎನ್ವ್ ಒಪ್ಪಬೇಕು. ಉಬುಂಟುವಿನಲ್ಲಿ ಭಾಷೆಗೆ ಸಂಬಂಧಿಸಿದ ವೇರಿಯಬಲ್‌ಗಳನ್ನು ಅದು ಮೊದಲೇ ಒಪ್ಪಿರುತ್ತದೆ, ಉಳಿದವಕ್ಕೆ ರೂಟ್ (ಸರ್ವರ್‌ನ ಮೇಲ್ವಿಚಾರಕ) ಅನುಮತಿ ಬೇಕು.

ಲಾಂಚ್ ಡಾಟ್ ಜೇಸನ್‌ನ ಎನ್ವ್ ವಿಭಾಗದಲ್ಲಿ ನೇರವಾಗಿ ಬರೆಯುವುದು ಎಲ್ಲಕ್ಕಿಂತ ಸಲೀಸು. ಬರೆದು ಎಫ್5 ಒತ್ತಿದರೆ ಆಯಿತು. ಲಾಗ್ ಮಟ್ಟ, ಪೋರ್ಟ್ ಸಂಖ್ಯೆಯಂಥ ಬಯಲು ಸಂಗತಿಗಳನ್ನು ನಾನು ಈಗಲೂ ಅಲ್ಲಿಯೇ ಇಡುತ್ತೇನೆ. ಪಾಸ್‌ವರ್ಡ್ ಇಡುವುದಿಲ್ಲ, ಆ ಕಡತ ಕೋಡಿನ ಬದಲಾವಣೆಗಳನ್ನು ದಾಖಲಿಸಿ ಹಂಚುವ ಗಿಟ್‌ನೊಳಗೆ ಹೋಗುವಂಥದ್ದು. ಸಿ++ ಬರೆಯುವವರಿಗೆ ಒಂದು ಮಾತು: ಅಲ್ಲಿನ ಡಿಬಗ್ಗರ್‌ನಲ್ಲಿ ಈ ವಿಭಾಗದ ಹೆಸರು ಎನ್ವಿರಾನ್ಮೆಂಟ್, ಅದರೊಳಗೆ ಹೆಸರು ಮತ್ತು ಮೌಲ್ಯದ ಜೋಡಿಗಳ ಪಟ್ಟಿ ಇರಬೇಕು. ಪೈಥಾನ್‌ನಿಂದ ನಕಲು ಮಾಡಿ ತಂದರೆ ನಡೆಯುವುದಿಲ್ಲ.

ನಾನು ನೆಚ್ಚಿಕೊಂಡಿರುವುದು ಎನ್ವ್‌ಫೈಲ್. ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ಡಾಟ್ ಎನ್ವ್ ಎಂಬ ಕಡತ, ಸಾಲಿಗೊಂದು ಹೆಸರು, ಸಮ ಚಿಹ್ನೆ, ಮೌಲ್ಯ. ಲಾಂಚ್ ಡಾಟ್ ಜೇಸನ್‌ನಲ್ಲಿ ಎನ್ವ್‌ಫೈಲ್ ಎಂಬ ಹೆಸರಿನ ಮುಂದೆ ಅದರ ದಾರಿಯನ್ನಷ್ಟೇ ಬರೆದರೆ ಸಾಕು. ಪ್ರತಿ ಸಲ ಡಿಬಗ್ ಶುರುವಾದಾಗ ಕಡತವನ್ನು ಹೊಸದಾಗಿ ಓದುವುದರಿಂದ ಯಾವ ಸರ್ವರನ್ನೂ ಕೊಲ್ಲಬೇಕಿಲ್ಲ. ಒಂದೇ ಹೆಸರು ಎರಡೂ ಕಡೆ ಇದ್ದರೆ ಎನ್ವ್ ವಿಭಾಗದ ಮೌಲ್ಯವೇ ಗೆಲ್ಲುತ್ತದೆ, ಹಾಗಾಗಿ ತಾತ್ಕಾಲಿಕ ಬದಲಾವಣೆಗೂ ಅನುಕೂಲ. ಎರಡು ಎಚ್ಚರ ಬೇಕು. ಆ ದಾರಿಯಲ್ಲಿ ಬರೆಯುವ ವರ್ಕ್‌ಸ್ಪೇಸ್ ಫೋಲ್ಡರ್ ಎಂದರೆ ಇಲ್ಲಿ ಕೊಪ್ಪಳದ ಸರ್ವರ್‌ನ ಫೋಲ್ಡರ್. ಲ್ಯಾಪ್‌ಟಾಪಿನಲ್ಲಿರುವ ಡಾಟ್ ಎನ್ವ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು, ಅದು ಶೆಲ್ ಸ್ಕ್ರಿಪ್ಟ್ ಅಲ್ಲ. ಒಳಗೆ ಆದೇಶ ಬರೆದರೆ ಓಡುವುದಿಲ್ಲ. ಕಡತಕ್ಕೆ 600 ಅನುಮತಿ (ಒಡೆಯನಿಗೆ ಮಾತ್ರ ಓದು-ಬರಹ) ಕೊಟ್ಟು, ಗಿಟ್ ಬಿಟ್ಟುಬಿಡಬೇಕಾದ ಕಡತಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಹೆಸರು ಸೇರಿಸುವುದನ್ನು ಮರೆಯಬಾರದು.

ಓಡುತ್ತಿರುವ ಪ್ರೋಗ್ರಾಂಗೆ ಡಿಬಗ್ಗರನ್ನು ಜೋಡಿಸುವ ಅಟ್ಯಾಚ್ ವಿಧಾನದಲ್ಲಿ ಎನ್ವ್, ಎನ್ವ್‌ಫೈಲ್ ಎರಡೂ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಪ್ರೋಗ್ರಾಂ ಆಗಲೇ ತನ್ನ ವೇರಿಯಬಲ್‌ಗಳೊಂದಿಗೆ ಓಡುತ್ತಿರುತ್ತದೆ. ನಮ್ಮ ತೂಕದ ಸೇವೆಯನ್ನು ಎಬ್ಬಿಸುವುದು ಉಬುಂಟುವಿನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ. ಅದರ ಯೂನಿಟ್ ಕಡತದಲ್ಲಿ ಎನ್ವಿರಾನ್ಮೆಂಟ್‌ಫೈಲ್ ಸಾಲಿಗೆ ಅದೇ ಡಾಟ್ ಎನ್ವ್‌ನ ದಾರಿ ಕೊಟ್ಟಿದ್ದೇನೆ. ಪಾಸ್‌ವರ್ಡ್ ಬದಲಾದ ದಿನ ಒಂದು ಕಡತ ತಿದ್ದಿ, ಸೇವೆಯನ್ನು ರೀಸ್ಟಾರ್ಟ್ ಮಾಡುತ್ತೇನೆ.