ಬೇಸಿನ್ ಕೆಳಗಿನ ಕಪಾಟು: 9 ವರ್ಷ, 3 ಹಲಗೆ

ನಮ್ಮ ಬಾತ್‌ರೂಮಿನ ವಾಶ್ ಬೇಸಿನ್ ಕೆಳಗೆ ಈಗ ಇರುವುದು ಮೂರನೇ ಕಪಾಟು. 9 ವರ್ಷದಲ್ಲಿ ಮೂರು. ನಾನು ಎಷ್ಟು ಜಾಣ ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ? ಆದರೆ ಅದೇ ಗೋಡೆ, ಅದೇ ನಲ್ಲಿ, ಅದೇ ಹಬೆ. ಬದಲಾಗಿದ್ದು ಹಲಗೆ ಮಾತ್ರ. ಹಾಗಾಗಿ ಹೋಲಿಸಿ ಹೇಳುವಷ್ಟು ಅನುಭವ ಆಗಿದೆ.

ಮೊದಲನೆಯದು ಎಂಡಿಎಫ್. ಮುಂದೆ ಹೊಳೆಯುವ ಬಿಳಿ ಹಾಳೆ ಅಂಟಿಸಿದ್ದರು. ನೋಡೋಕೆ ಮೂರರಲ್ಲಿ ಅದೇ ಚೆಂದ, ಈಗಲೂ ಅದೇ ಮಾತು ಹೇಳುತ್ತೇನೆ. 'ಪೂರ್ತಿ ವಾಟರ್‌ಪ್ರೂಫ್ ಸಾರ್' ಅಂದರು ಅಂಗಡಿಯವರು. ಅವರು ಕೈಯಲ್ಲಿ ತಟ್ಟಿ ತೋರಿಸಿದ ಮುಂಭಾಗ ನಿಜವಾಗಿಯೂ ವಾಟರ್‌ಪ್ರೂಫೇ. ಕೂರಿಸಲು ಬಂದ ಹುಡುಗ ವೇಸ್ಟ್ ಪೈಪಿಗೆ ಅಂತ ತಳದ ಹಲಗೆಯಲ್ಲಿ ಗುಂಡಗೆ ತೂತು ಕೊರೆದ. ಕೊರೆದ ಅಂಚು ಹಾಗೇ ಬರಿದಾಗಿ ಉಳಿಯಿತು. ಆಗ ನಾನೂ ಗಮನಿಸಲಿಲ್ಲ.

ಒಂದೂವರೆ ವರ್ಷಕ್ಕೆ ಆ ತೂತಿನ ಸುತ್ತ ತಳ ಉಬ್ಬಿಕೊಂಡಿತು. ನೆನೆದ ರಟ್ಟಿನ ಹಾಗೆ. ಪೈಪಿನ ಜಾಯಿಂಟಿನಿಂದ ದಿನಕ್ಕೆ ನಾಲ್ಕು ಹನಿ ಬೀಳುತ್ತಿತ್ತು, ಅಷ್ಟೇ. ಒಣಗಿದರೆ ಸರಿಹೋಗುತ್ತೆ ಅಂತ ಎರಡು ವಾರ ಬಾಗಿಲು ತೆರೆದಿಟ್ಟೆ. ಹೋಗಲಿಲ್ಲ. ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ನೀರು ಕುಡಿದು ಒಮ್ಮೆ ಹಿಗ್ಗಿದ ನಾರು, ಒಣಗಿದ ಮೇಲೂ ಮೊದಲಿನ ಅಳತೆಗೆ ಬರುವುದಿಲ್ಲ.

ಈ ಕೋಪದಲ್ಲಿ ಎರಡನೆಯದಕ್ಕೆ ನೀರನ್ನೇ ಕುಡಿಯದ ಪಿವಿಸಿ ಫೋಮ್ ಬೋರ್ಡ್ ಹಾಕಿಸಿದೆ. ನೀರಿನ ಮಟ್ಟಿಗೆ ಇದಕ್ಕೆ ನೂರಕ್ಕೆ ನೂರು. ಬಕೆಟ್ ಮಗುಚಿದರೂ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಗೆದ್ದಲಿನ ಭಯವೂ ಇಲ್ಲ. ತೊಂದರೆ ಬಂದಿದ್ದು ಸ್ಕ್ರೂನಿಂದ. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ ಇರುವ ಹಲಗೆ ಇದು, ಸ್ಕ್ರೂ ಬಿಗಿಯಾಗಿ ಕಚ್ಚಿಕೊಳ್ಳಲು ಗಟ್ಟಿ ಜಾಗವೇ ಇಲ್ಲ. ಮಗಳು ಬಾಗಿಲಿಗೆ ಜೋತುಬೀಳುತ್ತಿದ್ದಳು ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ. ಆದರೂ ಮೇಲಿನ ಹಿಂಜಸ್ ಒಂದು ವರ್ಷದೊಳಗೇ ಕಿತ್ತುಬಂತು. ತೂತಿಗೆ ಬೆಂಕಿಕಡ್ಡಿ ತುರುಕಿ ಮತ್ತೆ ತಿರುಗಿಸಿದೆ. ಮರಕ್ಕೆ ನಡೆಯುವ ಉಪಾಯ ಇದಕ್ಕೆ ನಡೆಯಲಿಲ್ಲ, ತೂತು ಇನ್ನೂ ದೊಡ್ಡದಾಯಿತು. 80 ಸೆಂಟಿಮೀಟರ್ ಉದ್ದದ ನಡುತಟ್ಟು ಬೇರೆ, ಸೋಪಿನ ಬಾಟಲಿಗಳ ಭಾರಕ್ಕೆ ಮಧ್ಯದಲ್ಲಿ ಜೋತುಬಿತ್ತು. ಸಣ್ಣ ಬಾಗಿಲು, ಗಿಡ್ಡ ತಟ್ಟು ಇರುವ ಕಡೆ ಇದನ್ನು ಧಾರಾಳವಾಗಿ ಹಾಕಿಸಿ. ಅಗಲ ಜಾಸ್ತಿ ಇದ್ದರೆ ನಡುವೆ ಒಂದು ಆಸರೆ ಕೊಡಿಸಿ. ಗೀಸರಿಗೆ ಅಂಟಿಸಿದ ಹಾಗೆ ಕೂರಿಸಬೇಡಿ, ಪಿವಿಸಿ ಬಿಸಿಗೆ ಮೆತ್ತಗಾಗುತ್ತೆ.

ಮೂರನೆಯದಕ್ಕೆ ಮೊದಲು ಯಾರ ಮಾತೂ ಬೇಡ ಅನ್ನಿಸಿತು. ಬಡಗಿಯ ಹತ್ತಿರ 18 ಮಿಲಿಮೀಟರ್ ದಪ್ಪದ ತುಂಡುಗಳನ್ನು ಕೇಳಿ ತಂದು, ಬಕೆಟ್ ನೀರಿನಲ್ಲಿ ಒಂದು ವಾರ ಮುಳುಗಿಸಿಟ್ಟೆ. ಮನೆಯವರು ನಕ್ಕರು. ತೆಗೆದು ಅಳೆದಾಗ ಸಾದಾ ಎಂಡಿಎಫ್ 22 ಆಗಿತ್ತು. ಹಸಿರು ಬಣ್ಣದ, ತೇವ ತಡೆಯುತ್ತೆ ಅನ್ನುವ ಎಂಡಿಎಫ್ 19 ದಾಟಿತ್ತು. ಆ ಹಸಿರು ಬರೀ ಗುರುತಿಗೆ ಹಾಕುವ ಬಣ್ಣ. ತಡೆಯುವುದು ಒಳಗಿನ ಅಂಟು, ಅದೂ ಸ್ವಲ್ಪ ಮಟ್ಟಿಗೆ. ಮರೈನ್ ಪ್ಲೈವುಡ್, ಅಂದರೆ ಮರದ ತೆಳು ಪದರಗಳನ್ನು ನೀರಿಗೆ ಬಿಡದ ಅಂಟಿನಲ್ಲಿ ಒತ್ತಿದ ಹಲಗೆ, ಹೆಚ್ಚುಕಡಿಮೆ 19 ಆಗಿತ್ತು. ಪಿವಿಸಿ ಕದಲಲಿಲ್ಲ. ನನ್ನ ಮನಸ್ಸು ಬದಲಾಗಿದ್ದು ಒಣಗಿದ ಮೇಲೆ. ಪ್ಲೈವುಡ್ ಮತ್ತೆ ಸುಮಾರು 18ಕ್ಕೇ ಬಂತು, ಪದರವೂ ಬಿಟ್ಟಿರಲಿಲ್ಲ. ಎಂಡಿಎಫ್ ಊದಿದ್ದು ಊದಿದ ಹಾಗೇ ಉಳಿಯಿತು.

ಸ್ಟೀಲ್ ಯಾಕೆ ಬೇಡ ಅಂತ ಕೇಳಬಹುದು. ಅಕ್ಕನ ಮನೆಯಲ್ಲಿ ಕನ್ನಡಿ ಇರುವ ಸ್ಟೀಲ್ ಕಪಾಟಿದೆ. ಚೆನ್ನಾಗಿಯೇ ಇತ್ತು, ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿಯನ್ನು ಅದರೊಳಗೆ ಇಡುವವರೆಗೆ. ಮುಚ್ಚಳ ಸಡಿಲ ಇದ್ದ ಬಾಟಲಿಯ ಹೊಗೆಗೆ ಒಳಗೆಲ್ಲ ಕಂದು ಚುಕ್ಕೆ ಬಿತ್ತು. ಸ್ಟೀಲ್ ತೆಗೆದುಕೊಳ್ಳುವುದಾದರೆ 304 ದರ್ಜೆಯದು ಅಂತ ಬರೆದು ಕೊಡಲು ಹೇಳಿ. ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತೆ. 202 ದರ್ಜೆಯದರಲ್ಲಿ ನಿಕ್ಕಲ್ ಕಡಿಮೆ, ತುಕ್ಕು ಬೇಗ. ಆಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತೆ ಅನ್ನುವುದು ಸುಮ್ನೆ ಮಾತು, ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಆಸಿಡ್ ಹೊಗೆಗೆ ಮಾತ್ರ 304 ಕೂಡ ತಡೆಯೋದಿಲ್ಲ. ಇಡೀ ಮರದ ಕಪಾಟಿನ ವಿಚಾರ ಬಿಟ್ಟೇಬಿಟ್ಟೆ. ತೇವಕ್ಕೆ ಹಿಗ್ಗಿ, ಒಣಗಿದಾಗ ಕುಗ್ಗುವ ಬಾಗಿಲಿನ ಜೊತೆ ಗುದ್ದಾಡುವ ತಾಳ್ಮೆ ನನಗಿಲ್ಲ.

ಕೊನೆಗೆ ಹಾಕಿಸಿದ್ದು ಮರೈನ್ ಪ್ಲೈವುಡ್. ಎರಡೂ ಕಡೆ ಮೈಕಾ, ಅಂಚಿಗೆ 2 ಮಿಲಿಮೀಟರ್ ಪಟ್ಟಿ. ನೆಲದಿಂದ 25 ಸೆಂಟಿಮೀಟರ್ ಮೇಲೆ ಗೋಡೆಗೆ ತೂಗುಹಾಕಿದೆ. ಕೆಳಗೆ ಮಾಪ್ ಆಡುತ್ತೆ, ಗಾಳಿಯೂ ಆಡುತ್ತೆ. ಪೈಪಿನ ತೂತು ಕೊರೆದ ತಕ್ಷಣ ಬಡಗಿಯನ್ನು ನಿಲ್ಲಿಸಿ, ಆ ಅಂಚಿಗೆ ಎಪಾಕ್ಸಿ ನಾನೇ ಎರಡು ಸಲ ಬಳಿದೆ. ಒಂದು ದಿನ ಒಣಗಬೇಕು ಅಂದಾಗ ಆತನ ಮುಖ ನೋಡಬೇಕಿತ್ತು. ಸ್ಕ್ರೂ ತೂತು, ಹಿಂಭಾಗದ ಕತ್ತರಿಸಿದ ಅಂಚು, ಯಾವುದನ್ನೂ ಬಿಡಲಿಲ್ಲ. ನನ್ನ ಎಂಡಿಎಫ್ ಕಪಾಟಿಗೂ ಇಷ್ಟು ಮಾಡಿದ್ದರೆ ಇನ್ನೂ ನಾಲ್ಕು ವರ್ಷ ಬರುತ್ತಿತ್ತೇನೋ ಅಂತ ಈಗ ಅನ್ನಿಸುತ್ತೆ.

ಹಾಗಂತ ಇದರಲ್ಲಿ ದೂರೇ ಇಲ್ಲ ಅಂತಲ್ಲ. ತುಂಬಾ ಭಾರ. ಗೋಡೆಗೆ ಹಿಡಿಸಲು ಇಬ್ಬರು ಬೇಕಾಯಿತು, ದಪ್ಪ ಆಂಕರ್ ಬೋಲ್ಟೂ ಬೇಕಾಯಿತು. ಬೇಸಿನ್ ಸುತ್ತ ಬಳಿದ ಸಿಲಿಕೋನ್ ಆರೇ ತಿಂಗಳಲ್ಲಿ ಕಪ್ಪಗಾಯಿತು. ಮೊನ್ನೆ ಟಾರ್ಚ್ ಹಿಡಿದು ಒಳಗೆ ನೋಡಿದೆ. ನಾಲ್ಕು ವರ್ಷವಾದರೂ ತೂತಿನ ಸುತ್ತ ಬೆರಳಿಗೆ ಸಿಗುವಷ್ಟೂ ಉಬ್ಬಿಲ್ಲ. ಕೆಳಗಿನ ಹಿಂಜಸಿನ ಒಂದು ಸ್ಕ್ರೂ ಮಾತ್ರ ತುಕ್ಕು ಹಿಡಿದಿದೆ. ಅದೊಂದನ್ನು ಸಾದಾ ಕಬ್ಬಿಣದ್ದು ಹಾಕಿ ಹೋಗಿದ್ದಾನೆ ಪುಣ್ಯಾತ್ಮ.